ಒಂದೇ ಖಾತೆ, ಹಲವು ಕರಣಿಕರು

ಎರಡು ಪಂಚಾಂಗಗಳಲ್ಲಿ ಏಕಾದಶಿಯು ಬೇರೆ ಬೇರೆ ದಿನಗಳಂದು ಬಂದಿರುವುದನ್ನು ವಾಚಕರು ಕಂಡಿರಬಹುದು. ಆಕಾಶವೊಂದೇ, ಚಂದ್ರನೂ ಒಬ್ಬನೇ. ಆದರೂ ಗಣಿತಪದ್ಧತಿಯಲ್ಲಿ ಅಲ್ಪ ಭೇದವಿದ್ದರೆ ತಿಥಿಯ ಅಂತ್ಯವು ಸೂರ್ಯೋದಯದ ಆಚೆಗೋ ಈಚೆಗೋ ಬೀಳುತ್ತದೆ. ಉಪವಾಸವು ಒಂದು ದಿನ ಹಿಂದುಮುಂದಾದರೆ ಯಾರ ಗಂಟೂ ಹೋಗುವುದಿಲ್ಲ. ಹಣದ ಲೆಕ್ಕದಲ್ಲಿ ಇಂತಹ ಭೇದವು ತಲೆದೋರಿದರೆ?

ಬ್ಲಾಕ್‌ಚೈನ್ ಎಂಬುದು ಒಂದು ಸಾರ್ವಜನಿಕ ಖಾತೆಪುಸ್ತಕ. ಅದರ ಪ್ರತಿಗಳು ಸಹಸ್ರಾರು ಗಣಕಯಂತ್ರಗಳಲ್ಲಿರುತ್ತವೆ. ಬ್ಲಾಕ್ ಎಂದರೆ ಅದರ ಒಂದು ಪುಟ. ಈ ಖಾತೆಯನ್ನು ಬರೆಯುವ ತಂತ್ರಾಂಶಕ್ಕೆ ಕ್ಲೈಂಟ್ ಎಂದು ಹೆಸರು. 2015ರಲ್ಲಿ ಆರಂಭವಾದ ಎತೀರಿಯಮ್ ಜಾಲದಲ್ಲಿ, ಒಂದರ ದೋಷವು ಎಲ್ಲರನ್ನೂ ಕೆಡಿಸದಿರಲೆಂದು, ಒಂದೇ ನಿಯಮಾವಳಿಯನ್ನು ಅನುಸರಿಸಿ ಬೇರೆ ಬೇರೆ ತಂಡಗಳು ರಚಿಸಿದ ಹಲವು ಕ್ಲೈಂಟುಗಳಿವೆ. ಗೆಥ್ ಗೋ ಭಾಷೆಯಲ್ಲಿಯೂ ಬೇಸು ಜಾವಾದಲ್ಲಿಯೂ ರಚಿತವಾಗಿವೆ.

ತೊಡಕಿರುವುದೂ ಇಲ್ಲಿಯೇ. 2016ರ ನವೆಂಬರ್ 24ರಂದು, 26,86,351ನೆಯ ಪುಟದಲ್ಲಿ, ಗೆಥ್ ಮತ್ತು ಪ್ಯಾರಿಟಿ ಎಂಬ ಎರಡು ಕ್ಲೈಂಟುಗಳು ಬೇರೆ ಬೇರೆ ದಾರಿ ಹಿಡಿದವು. ಬರಿದಾದ ಖಾತೆಗಳನ್ನು ಅಳಿಸಬೇಕೆಂಬುದು ಹೊಸ ನಿಯಮ. ಆದರೆ ಅಳಿಸುತ್ತಿರುವ ವ್ಯವಹಾರವೇ ನಡುವೆ ವಿಫಲವಾದರೆ ಅಳಿಸಿದ್ದನ್ನು ಪೂರ್ವಸ್ಥಿತಿಗೆ ತರಬೇಕಲ್ಲವೆ? ಗೆಥ್ ಅದನ್ನು ಮಾಡಲಿಲ್ಲ. ಒಂದು ಖಾತೆಪುಸ್ತಕವು ಎರಡಾಯಿತು.

ಇಂತಹ ಭಿನ್ನತೆಯನ್ನು ಮೊದಲೇ ಹಿಡಿಯಲು ಒಂದೇ ಗಣಕಯಂತ್ರದೊಳಗೆ ಪುಟ್ಟ ಜಾಲವೊಂದನ್ನು ಕಟ್ಟುವುದುಂಟು. ಪ್ರತಿಯೊಂದು ಕ್ಲೈಂಟನ್ನೂ ಡಾಕರ್ ಎಂಬ ಸಾಧನದಿಂದ ಪ್ರತ್ಯೇಕ ಆವರಣದಲ್ಲಿರಿಸುತ್ತಾರೆ. ಎಲ್ಲಕ್ಕೂ ಒಂದೇ ಮೊದಲ ಪುಟ. ಅದರಲ್ಲಿ ಹೆಸರಿಗೆ ಮಾತ್ರ ಹಣವಿರುವ ಖಾತೆಗಳು. ಈ ಜಾಲಕ್ಕೆ ಬೇರೆಯದೇ ಗುರುತುಸಂಖ್ಯೆಯನ್ನು ಕೊಡಬೇಕು. ನಿಜವಾದ ಎತೀರಿಯಮ್ಮಿನದು 1. 2022ರ ಸೆಪ್ಟೆಂಬರಿನಿಂದ ಲೆಕ್ಕ ಹಾಕುವುದು ಒಂದು ತಂತ್ರಾಂಶ, ಯಾವ ಪುಟವನ್ನು ಒಪ್ಪಬೇಕೆಂದು ನಿರ್ಣಯಿಸುವುದು ಮತ್ತೊಂದು. ಪ್ರತಿ ವರ್ಗದಲ್ಲಿ ಐದೈದನ್ನು ತೆಗೆದುಕೊಂಡರೆ ಪರೀಕ್ಷಿಸಬೇಕಾದ ಜೋಡಿಗಳು 25!

ಜಾಲವು ನಡೆಯತೊಡಗಿದ ಮೇಲೆ 12 ಸೆಕೆಂಡುಗಳಿಗೊಂದು ಪುಟದ ಸರದಿ. ಪ್ರತಿ ಪುಟದಲ್ಲಿಯೂ ಸಮಸ್ತ ಖಾತೆಗಳ ಸಾರವು, ಷೋಡಶಮಾನದ 64 ಅಂಕಿಗಳ ಒಂದು ಮುದ್ರೆಯಾಗಿ ಅಡಗಿರುತ್ತದೆ. ಎಲ್ಲಿಯೋ ಒಂದು ಖಾತೆಯಲ್ಲಿ ಒಂದಂಶ ವ್ಯತ್ಯಾಸವಾದರೂ ಮುದ್ರೆಯು ಗುರುತು ಸಿಗದಷ್ಟು ಬದಲಾಗುವುದು. ಆದಕಾರಣ ಮುದ್ರೆಗಳನ್ನು ಹೋಲಿಸಿದರೆ ಸಾಕು. ಸರಳವಾದ ಹಣಪಾವತಿಗಳಿಂದ ದೋಷಗಳು ಹೊರಬೀಳುವುದು ಅಪರೂಪ. ಅರ್ಧಕ್ಕೆ ನಿಲ್ಲುವ, ಅಂಚಿನಲ್ಲಿ ತಡವರಿಸುವ ವ್ಯವಹಾರಗಳನ್ನೇ ಬೇಕೆಂದು ಕಳುಹಿಸಬೇಕು.

ಅನಂತರ ಜಾಲಕ್ಕೆ ಕಿರುಕುಳ ಕೊಡುವುದು! ನಾಲ್ಕು ಜೋಡಿಗಳಿಗೆ 64ರಂತೆ 256 ಸಮಾನ ಮತಗಳಿವೆಯೆನ್ನೋಣ. ಪುಟವು ಸ್ಥಿರವಾಗಲು ಮೂರರಲ್ಲಿ ಎರಡು ಪಾಲು ಮತ ಬೇಕು. ಒಂದು ಜೋಡಿಯನ್ನು ನಿಲ್ಲಿಸಿದರೆ 192, ಅಂದರೆ ಮುಕ್ಕಾಲು ಪಾಲು ಉಳಿಯುವುದರಿಂದ ಕಾರ್ಯವು ಸಾಗುತ್ತದೆ. ಎರಡನ್ನು ನಿಲ್ಲಿಸಿದರೆ ಅರ್ಧವೇ ಉಳಿದು, ಪುಟಗಳು ಬೆಳೆದರೂ ಸ್ಥಿರವಾಗುವುದಿಲ್ಲ. ಸಂಪರ್ಕವನ್ನು ಇಬ್ಭಾಗ ಮಾಡಿ ಮತ್ತೆ ಕೂಡಿಸಿದಾಗ ನಾಲ್ಕೂ ಒಂದೇ ಪುಟಕ್ಕೆ ಮರಳುವುವೇ ಎಂದು ನೋಡುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೋಧಪ್ರದವಾದ ಪ್ರಯೋಗ.

ಆದರೆ ಮೇಜಿನ ಮೇಲಿನ ಜಾಲಕ್ಕೆ ಕಾಣದ ದೋಷಗಳೂ ಇವೆ. ಹೊಲೆಸ್ಕಿ ಎಂಬುದು ಒಂದು ದೊಡ್ಡ ಸಾರ್ವಜನಿಕ ಪರೀಕ್ಷಾಜಾಲವಾಗಿತ್ತು. 2025ರ ಫೆಬ್ರುವರಿ 24ರಂದು ಅಲ್ಲಿ ಹೊಸ ನಿಯಮಗಳು ಜಾರಿಗೆ ಬಂದಾಗ ಗೆಥ್, ನೆದರ್‌ಮೈಂಡ್, ಬೇಸು ಮೂರರಲ್ಲಿಯೂ ಠೇವಣಿ ಖಾತೆಯ ವಿಳಾಸವು ತಪ್ಪಾಗಿತ್ತು. ಅದು ಆ ಜಾಲಕ್ಕೇ ಸೇರಿದ ವಿಳಾಸ. ಮನೆಯಲ್ಲಿ ಕಟ್ಟಿದ ಜಾಲಕ್ಕಾದರೋ ನಾವೇ ಬೇರೊಂದು ವಿಳಾಸವನ್ನು ಕೊಟ್ಟಿರುತ್ತೇವೆ. ಬಹುಸಂಖ್ಯೆಯ ಮತಗಳು ಅಸಿಂಧುವಾದ ಪುಟದ ಕಡೆಗೇ ಬಿದ್ದವು. ಎರಿಗಾನ್, ರೆಥ್ ಎಂಬ ಅಲ್ಪಸಂಖ್ಯಾತರ ಲೆಕ್ಕವೇ ಸರಿಯಾಗಿತ್ತು. ಹೊಲೆಸ್ಕಿಯ ಪುಟಗಳು ಮತ್ತೆ ಸ್ಥಿರವಾಗತೊಡಗಿದುದು ಮಾರ್ಚ್ 10ರಂದು.