ರಂಗಭಾವನ ಬೆಟ್ಟದ ಪೋಡುಗಳು

ಯಳಂದೂರಿನ ಬಯಲನ್ನು ಬಿಟ್ಟು, ಗುಂಬಳ್ಳಿಯನ್ನು ಹಾದು, ತಿರುವು ತಿರುವಾಗಿ ಮೇಲೇರುವ ಹಾದಿಯನ್ನು ಹಿಡಿದ ಯಾತ್ರಿಕನಿಗೆ ಬಿಳಿಗಿರಿರಂಗನ ಬೆಟ್ಟವು ಮೊದಲು ಪುಣ್ಯಕ್ಷೇತ್ರವಾಗಿಯೂ ಬಳಿಕ ಮಹಾರಣ್ಯವಾಗಿಯೂ ಗೋಚರಿಸುತ್ತದೆ. ಆ ಅರಣ್ಯವು ಸೋಲಿಗರೆಂಬ ಗಿರಿಜನರ ಮನೆಯಂಗಳವೆಂಬುದೂ, ತಮ್ಮ ಕುಲದ ಹೆಣ್ಣನ್ನು ವರಿಸಿದ ರಂಗನಾಥನನ್ನು ಅವರು ‘ರಂಗಭಾವ’ನೆಂದೇ ಕರೆಯುವರೆಂಬುದೂ ಪೋಡುಗಳೆಂಬ ಅವರ ವಸತಿಗಳ ಕಡೆಗೆ ಹೆಜ್ಜೆಯಿಟ್ಟವನಿಗಷ್ಟೇ ತಿಳಿಯುತ್ತದೆ.

ದೇವರನ್ನೇ ನಂಟನನ್ನಾಗಿ ಪಡೆದ ಈ ಜನಕ್ಕೆ ಆಸ್ಪತ್ರೆಯು ಮಾತ್ರ ಬಹುಕಾಲ ಅನ್ಯವಾಗಿಯೇ ಉಳಿದಿತ್ತು. ಬೇರುನಾರುಗಳ ಗುಣವನ್ನು ಬಲ್ಲ ಹಿರಿಯರೂ ಪಳಗಿದ ಸೂಲಗಿತ್ತಿಯರೂ ಅವರಲ್ಲಿ ಇದ್ದರು. ಆದರೆ ಹಾವು ಕಚ್ಚಿದಾಗ, ಕರಡಿ ಮೈಮೇಲೆ ಬಿದ್ದಾಗ, ಹೆರಿಗೆ ಕಷ್ಟವಾದಾಗ, ಆನೆಗಳು ಸಂಚರಿಸುವ ಕಾಡನ್ನು ದಾಟಿ ಬಯಲಿಗಿಳಿಯಬೇಕಿತ್ತು. ಇಳಿದರೂ ಅಪರಿಚಿತರ ಮುಂದೆ ಬಾಯಿಬಿಡಲು ಅಂಜಿಕೆ ಅಡ್ಡಬರುತ್ತಿತ್ತು.

ಡಾ. ಎಚ್. ಸುದರ್ಶನರು ಈ ಬೆಟ್ಟದಲ್ಲಿ ನೆಲೆಸಿ, 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಸ್ಥಾಪಿಸಿದಾಗ ಮೊದಲು ಗೆಲ್ಲಬೇಕಾದುದು ಈ ಅಂಜಿಕೆಯನ್ನೇ. ಆಸ್ಪತ್ರೆಯೊಡನೆ ಶಾಲೆಯೂ ಬೆಳೆಯಿತು. ಯಳಂದೂರು ತಾಲ್ಲೂಕಿನ ಕುಷ್ಠರೋಗದ ನಿವಾರಣೆಗಾಗಿ 1986ರಲ್ಲಿ ಅವರು ಕಟ್ಟಿದ ಕರುಣಾ ಟ್ರಸ್ಟ್, 1996ರಲ್ಲಿ ಗುಂಬಳ್ಳಿಯ ಸರ್ಕಾರಿ ಪ್ರಾಥಮಿಕ ಆರೋಗ್ಯ ಕೇಂದ್ರದ ಹೊಣೆಯನ್ನೂ ಹೊತ್ತಿತು.

ಇಷ್ಟಾದರೂ ಪೋಡಿಗೂ ಆಸ್ಪತ್ರೆಗೂ ನಡುವಿನ ಅಂತರವು ಅಳಿಯಿತೆನ್ನಲಾಗದು. ಸೋಲಿಗರಲ್ಲಿ ಕುಡುಗೋಲು ಕಣ ರೋಗವೆಂಬ ವಂಶಪಾರಂಪರ್ಯದ ವ್ಯಾಧಿಯುಂಟು. ರಕ್ತದ ಕೆಂಪುಕಣಗಳು ಕುಡುಗೋಲಿನಂತೆ ಬಾಗಿ, ಸಣ್ಣ ನಾಳಗಳಲ್ಲಿ ಸಿಲುಕಿ, ಎಲುಬುಕೀಲುಗಳಲ್ಲಿ ತಾಳಲಾರದ ನೋವನ್ನುಂಟುಮಾಡುತ್ತವೆ. ನೋವಿಲ್ಲದ ದಿನಗಳಲ್ಲಿಯೂ ರಕ್ತಹೀನತೆಯು ಮೈಯನ್ನು ಬಳಲಿಸುತ್ತದೆ. ಮುರಿದ ಕಾಲಿಗಾದರೆ ಕೆಲವು ಪ್ರಯಾಣಗಳು ಸಾಕು. ಈ ರೋಗಕ್ಕೋ ನಿತ್ಯದ ಗುಳಿಗೆ, ಆಗಾಗ್ಗೆ ರಕ್ತಪರೀಕ್ಷೆ, ಬೇನೆ ಉಲ್ಬಣಿಸಿದಾಗ ರಕ್ತಪೂರಣ. ಆದುದರಿಂದ ಕಾಡಿನ ಒಳಪೋಡಿನ ರೋಗಿಯು ಆ ದೂರದ ಬೆಲೆಯನ್ನು, ಕಳೆದ ಕೂಲಿಯನ್ನೂ ಸೇರಿಸಿ, ಜೀವಮಾನವಿಡೀ ತೆರಬೇಕಾಗುತ್ತದೆ. 2047ರೊಳಗೆ ಈ ರೋಗವನ್ನು ನಿರ್ಮೂಲಗೊಳಿಸುವ ರಾಷ್ಟ್ರೀಯ ಅಭಿಯಾನವು 2023ರಲ್ಲಿ ಆರಂಭವಾಗಿದೆ. ಆ ಸಂಕಲ್ಪದ ಪರೀಕ್ಷೆಯು ನಡೆಯುವುದು ಇಂತಹ ಪೋಡುಗಳಲ್ಲಿಯೇ.

ಪುಣ್ಯಾತ್ಮನೊಬ್ಬನು ಬೆಟ್ಟವನ್ನು ಹತ್ತಿ ಬರುವನೆಂದು ಕಾದಿರಬೇಕಾದ ಸ್ಥಿತಿ ಯಾವ ಪ್ರಜೆಗೂ ಇರಬಾರದು. ಮಳೆಯಿರಲಿ, ಆನೆಗಳ ಓಡಾಟವಿರಲಿ, ದಾದಿಯೂ ಗುಳಿಗೆಯೂ ತಿಂಗಳು ತಿಂಗಳೂ ಕಟ್ಟಕಡೆಯ ಪೋಡನ್ನು ತಲಪಬೇಕು. ದರ್ಶನಕ್ಕೆಂದು ಬೆಟ್ಟವನ್ನೇರುವ ನಾಡು, ರಂಗಭಾವನ ನಂಟರಿಗೆ ಸಲ್ಲಿಸಬೇಕಾದ ಋಣವದು.