ಫೋರ್ಕ್‌ಲಿಫ್ಟಿನ ಬ್ಯಾಟರಿಗೆ ಚಾರ್ಜರು ಕೊಳ್ಳುವಾಗ

ಕಳೆದ ವಾರ್ಷಿಕ ಮಹಾಸಭೆಯಲ್ಲಿ ಖಾನಾಪುರ ಕಡೆಯ ಹಿರಿಯ ಸದಸ್ಯರೊಬ್ಬರು ಎದ್ದು, ವಡಗಾವಿ ಗೋದಾಮಿನ ಖರ್ಚಿನ ಪಟ್ಟಿಯ ಮೇಲೆ ಬೆರಳಿಟ್ಟು ಕೇಳಿದರು: "ಗಾಡಿ ತಂದ್ರಿ, ಒಪ್ಪಿಕೊಂಡ್ವಿ. ಎರಡು ವರ್ಷ ತುಂಬೋದ್ರಾಗ ಮತ್ತ ಬ್ಯಾಟರಿ, ಮತ್ತ ಚಾರ್ಜರ ಅಂತ ಬರದೀರಿ. ಇದೇನ್ರಿ?" ಪ್ರಶ್ನೆ ನ್ಯಾಯವಾದದ್ದು. ಹಣ ಸದಸ್ಯರದು. ಸಭೆಯಲ್ಲಿ ಸಮಯ ಸಾಲದೆ ಅರ್ಧಕ್ಕೆ ನಿಂತ ಉತ್ತರವನ್ನು ಇಲ್ಲಿ ಪೂರ್ತಿಯಾಗಿ ಕೊಡುತ್ತಿದ್ದೇವೆ. ತಪ್ಪು ನಮ್ಮದೇ ಎಂದು ಮೊದಲೇ ಒಪ್ಪಿಕೊಳ್ಳುತ್ತೇವೆ.

ಡೀಸೆಲ್ ಗಾಡಿ ಬಿಟ್ಟು ಬ್ಯಾಟರಿ ಗಾಡಿ ತಂದದ್ದು ಕಾಫಿಯ ಸಲುವಾಗಿ. ಕಾಫಿ ಬೀಜ ಸುತ್ತಲಿನ ವಾಸನೆಯನ್ನು ಬೇಗ ಹೀರಿಕೊಳ್ಳುತ್ತದೆ. ಮಳೆಗಾಲದಲ್ಲಿ ಬಾಗಿಲು ಮುಚ್ಚಿದ ಗೋದಾಮಿನೊಳಗೆ ಡೀಸೆಲ್ ಹೊಗೆ ತುಂಬಿದರೆ, ಆ ನಾತ ಬಟ್ಟಲಿನವರೆಗೂ ಹೋಗುತ್ತದೆ. ಆದ್ದರಿಂದ ಗಾಡಿಯ ಆಯ್ಕೆಯಲ್ಲಿ ತಪ್ಪಿರಲಿಲ್ಲ. ತಪ್ಪಾದದ್ದು ಚಾರ್ಜರಿನಲ್ಲಿ. ಗಾಡಿ ಮಾರಿದವರು ತಮ್ಮಲ್ಲಿದ್ದ ಹಳೆಯ ಚಾರ್ಜರೊಂದನ್ನು ಅಗ್ಗಕ್ಕೆ ಕೊಟ್ಟರು. ಪ್ಲಗ್ಗು ಕೂತಿತು, ಮುಳ್ಳು ಅಲ್ಲಾಡಿತು, ನಾವು ಖುಷಿಪಟ್ಟೆವು.

ಈಗ ಲೆಕ್ಕ ನೋಡೋಣ. ನಮ್ಮ ಗಾಡಿಯದು ಸೀಸ-ಆಮ್ಲದ ಬ್ಯಾಟರಿ. ತಲಾ 2 ವೋಲ್ಟಿನ 24 ಕೋಶಗಳು, ಒಟ್ಟು 48 ವೋಲ್ಟು; ಹಿಡಿತ 500 ಆಂಪಿಯರ್-ಗಂಟೆ. ಇದು ಬ್ಯಾಟರಿಯ ಮೈಮೇಲಿನ ತಗಡಿನ ಪಟ್ಟಿಯಲ್ಲೇ ಬರೆದಿರುತ್ತದೆ. ಚಾರ್ಜರಿನ ವೋಲ್ಟು ಇದಕ್ಕೆ ಸರಿಯಾಗಿ ಹೊಂದಬೇಕು, 48ಕ್ಕೆ 48. ಇದರಲ್ಲಿ ಚೌಕಾಶಿ ಇಲ್ಲ. ನಾವು ಎಡವಿದ್ದು ಆಂಪಿಯರಿನಲ್ಲಿ. ಇಂಥ ಬ್ಯಾಟರಿಗೆ ಅದರ ಹಿಡಿತದ ನೂರಕ್ಕೆ 10ರಿಂದ 20 ಪಾಲಿನಷ್ಟು ಆಂಪಿಯರ್ ಕೊಡುವ ಚಾರ್ಜರು ಬೇಕೆಂಬುದು ರೂಢಿಯ ಲೆಕ್ಕ. ಅಂದರೆ ನಮಗೆ 50ರಿಂದ 100. ನಮ್ಮ ಅಗ್ಗದ ಚಾರ್ಜರು ಕೊಡುತ್ತಿದ್ದದ್ದು 30.

ದಿನದ ಕೆಲಸದಲ್ಲಿ ಬ್ಯಾಟರಿಯ ನೂರಕ್ಕೆ 80 ಪಾಲು, ಅಂದರೆ 400 ಆಂಪಿಯರ್-ಗಂಟೆ ಖರ್ಚಾಯಿತೆನ್ನಿ. 30ರ ಚಾರ್ಜರಿಗೆ ಅದನ್ನು ತುಂಬಲು 15 ಗಂಟೆಗೂ ಹೆಚ್ಚು ಬೇಕು. ಸಂಜೆ 7ಕ್ಕೆ ಹಚ್ಚಿ ಬೆಳಿಗ್ಗೆ 7ಕ್ಕೆ ತೆಗೆಯುತ್ತಿದ್ದೆವು. ನಡುವೆ ಕರೆಂಟು ಹೋದದ್ದು ಬೇರೆ. ಹೀಗೆ ದಿನವೂ ಅರೆಹೊಟ್ಟೆ. ಅರೆ ಒಣಗಿದ ಅಡಿಕೆಯನ್ನು ಚೀಲಕ್ಕೆ ತುಂಬಿದರೆ ಏನಾಗುತ್ತದೆಂದು ನಿಮಗೆ ನಾವು ಹೇಳಬೇಕಾಗಿಲ್ಲ. ಬ್ಯಾಟರಿಯೂ ಹಾಗೆಯೇ: ಪೂರ್ತಿ ತುಂಬದೆ ಉಳಿದರೆ ಒಳಗಿನ ತಟ್ಟೆಗಳ ಮೇಲೆ ಸೀಸದ ಸಲ್ಫೇಟು ಗಟ್ಟಿಯಾಗಿ ಕೂರುತ್ತದೆ. ಕೂತ ಭಾಗ ಮತ್ತೆ ಕೆಲಸಕ್ಕೆ ಬರುವುದಿಲ್ಲ. ಮೊದಲು ಸಂಜೆವರೆಗೆ ಓಡುತ್ತಿದ್ದ ಗಾಡಿ ಮಧ್ಯಾಹ್ನಕ್ಕೆ, ಆಮೇಲೆ ಹನ್ನೊಂದಕ್ಕೇ ನಿಲ್ಲತೊಡಗಿತು. ಹಮಾಲರು ಮತ್ತೆ ಚೀಲ ಬೆನ್ನಿಗೇರಿಸಿದರು. ಸರಿಯಾಗಿ ನೋಡಿಕೊಂಡರೆ ನಾಲ್ಕೈದು ವರ್ಷ ಬರಬೇಕಾದ ಬ್ಯಾಟರಿ ಅಲ್ಲಿಗೇ ಮುಗಿಯಿತು. ಚಾರ್ಜರಿನಲ್ಲಿ ಉಳಿಸಿದ ಹಣದ ಹಲವು ಪಟ್ಟು ಹೋಯಿತು.

ಹಾಗೆಂದು ಇದ್ದುದರಲ್ಲಿ ದೊಡ್ಡದನ್ನೇ ತರುವುದೂ ಸರಿಯಲ್ಲ. ಮಿತಿಮೀರಿ ಕರೆಂಟು ನೂಕಿದರೆ ಬ್ಯಾಟರಿ ಕಾಯುತ್ತದೆ, ನೀರು ಕುದಿದಂತೆ ಆರುತ್ತದೆ, ತಟ್ಟೆಗಳು ಉದುರುತ್ತವೆ. ನಾವು ಈಗ ತಂದಿರುವುದು 80 ಆಂಪಿಯರಿನದು. ಎಂಟೊಂಬತ್ತು ಗಂಟೆಯಲ್ಲಿ ತುಂಬುತ್ತದೆ. ತುಂಬುತ್ತ ಬಂದ ಹಾಗೆ ತಾನೇ ಕರೆಂಟು ತಗ್ಗಿಸಿ ಕೊನೆಗೆ ನಿಲ್ಲುತ್ತದೆ. ಕಾವಲುಗಾರ ರಾತ್ರಿ ಎದ್ದು ಸ್ವಿಚ್ಚು ತೆಗೆಯಬೇಕಿಲ್ಲ. ಬೆಳಿಗ್ಗೆ ಬ್ಯಾಟರಿ ತಣ್ಣಗಾಗಲು ಒಂದಿಷ್ಟು ಹೊತ್ತೂ ಸಿಗುತ್ತದೆ.

ಮುಂದಿನದು ಲೈನಿನ ಮಾತು. 80 ಆಂಪಿಯರಿನ ಈ ಚಾರ್ಜರು ಎಳೆಯುವುದು ಸುಮಾರು ಐದೂವರೆ ಕಿಲೋವ್ಯಾಟು. ತೋಟದ ಏಳೂವರೆ ಅಶ್ವಶಕ್ತಿಯ ಪಂಪಿನಷ್ಟು. ಅದಕ್ಕೆ ಮೂರು ಫೇಸಿನದೇ ಒಳ್ಳೆಯದು. ವಡಗಾವಿ ಸೀರೆ ನೇಯುವ ಊರು. ಬೆಳಿಗ್ಗೆ ವಿದ್ಯುತ್ ಮಗ್ಗಗಳು ಒಟ್ಟಿಗೆ ಶುರುವಾದಾಗ ವೋಲ್ಟು ಇಳಿಯುವುದನ್ನು ನಮ್ಮ ಗೋದಾಮಿನ ದೀಪಗಳೇ ಹೇಳುತ್ತವೆ. ಟ್ರಾನ್ಸ್‌ಫಾರ್ಮರ್ ಇರುವ ಹಳೆಯ ಮಾದರಿಯ ಭಾರದ ಚಾರ್ಜರುಗಳಲ್ಲಿ ಕೆಲವು ಇಂಥ ಏರಿಳಿತವನ್ನು ಚೆನ್ನಾಗಿ ತಾಳುತ್ತವೆ, ಆದರೆ ಕರೆಂಟು ಹೆಚ್ಚು ತಿನ್ನುತ್ತವೆ. ಹೊಸ ಎಲೆಕ್ಟ್ರಾನಿಕ್ ಮಾದರಿಯವು ಹಗುರ, ಕರೆಂಟು ಉಳಿಸುತ್ತವೆ. ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ಕೆಲಸ ಮಾಡುತ್ತವೆಂದು ಬರಹದಲ್ಲಿ ಕೇಳಿಕೊಂಡೇ ಕೊಳ್ಳಬೇಕು. ನಾವು ಎರಡನೆಯದನ್ನು ಆರಿಸಿ, ಮಗ್ಗಗಳು ಮಲಗಿದ ಮೇಲೆ ಹಚ್ಚುತ್ತಿದ್ದೇವೆ. ಲಿಥಿಯಂ ಬ್ಯಾಟರಿಯ ಗಾಡಿಗಳೂ ಈಗ ಬಂದಿವೆ. ಅವುಗಳ ಚಾರ್ಜರೇ ಬೇರೆ. ಒಂದನ್ನು ಇನ್ನೊಂದಕ್ಕೆ ಹಚ್ಚುವಂತಿಲ್ಲ.

ಚಾರ್ಜರು ಇಡುವ ಜಾಗವನ್ನೂ ಬದಲಿಸಿದ್ದೇವೆ. ತುಂಬುವಾಗ ಬ್ಯಾಟರಿಯಿಂದ ಜಲಜನಕ ಹೊರಡುತ್ತದೆ. ಗಾಳಿಯಲ್ಲಿ ಅದು ನೂರಕ್ಕೆ 4 ಪಾಲಾದರೆ ಒಂದು ಕಿಡಿ ಸಾಕು. ಹಗುರವಾದ್ದರಿಂದ ಮಾಡಿನ ಕೆಳಗೆ ಹೋಗಿ ನಿಲ್ಲುತ್ತದೆ. ಆದ್ದರಿಂದ ಮೇಲೆ ಗಾಳಿಗಂಡಿ ಇರುವ ಹಿಂದಿನ ಪಡಸಾಲೆಗೆ ಚಾರ್ಜರು ಹೋಗಿದೆ. ಅಲ್ಲಿ ಬೀಡಿ ಹಚ್ಚುವಂತಿಲ್ಲ. ಆಮ್ಲದ ಹನಿ ಬಿದ್ದರೆ ಗೋಣಿಚೀಲ ತೂತು ಬೀಳುವುದರಿಂದ ಮಾಲೂ ಅಲ್ಲಿಂದ ದೂರ. ಬಟ್ಟಿ ಇಳಿಸಿದ ನೀರನ್ನು ಬ್ಯಾಟರಿ ತುಂಬಿದ ಮೇಲೆಯೇ ಹಾಕುತ್ತೇವೆ, ಮೊದಲೇ ಹಾಕಿದರೆ ಉಕ್ಕಿ ಚೆಲ್ಲುತ್ತದೆ. ಬಾವಿ ನೀರು ಎಷ್ಟು ತಿಳಿಯಾಗಿದ್ದರೂ ನಡೆಯದು.

ಮನೆಯಲ್ಲಿ ಬ್ಯಾಟರಿ ಸ್ಪ್ರೇಯರ್ ಇಟ್ಟುಕೊಂಡಿರುವ ಸದಸ್ಯರಿಗೂ ಇದೇ ಲೆಕ್ಕ. ಅದರಲ್ಲಿ 12 ವೋಲ್ಟು, 12 ಆಂಪಿಯರ್-ಗಂಟೆಯ ಸೀಸದ ಬ್ಯಾಟರಿಯಿದ್ದರೆ ಒಂದೂಕಾಲರಿಂದ ಎರಡು ಆಂಪಿಯರಿನ ಚಾರ್ಜರು ಸಾಕು. ಅದರೊಂದಿಗೆ ಬಂದ ಚಾರ್ಜರು ಕಳೆದುಹೋಯಿತೆಂದು ಪೇಟೆಯಲ್ಲಿ ಲಾರಿ ಬ್ಯಾಟರಿ ತುಂಬುವ ಚಾರ್ಜರಿಗೆ ಸಿಕ್ಕಿಸಬೇಡಿ. ಔಷಧಿ ಹೊಡೆದು ಮುಗಿದ ಮೇಲೆ ಖಾಲಿ ಬ್ಯಾಟರಿಯನ್ನು ಅಟ್ಟಕ್ಕೆ ಎಸೆಯದೆ, ಪೂರ್ತಿ ತುಂಬಿಸಿ ಇಟ್ಟು, ಎರಡು ತಿಂಗಳಿಗೊಮ್ಮೆ ಮತ್ತೆ ತುಂಬಿಸಿ. ವಡಗಾವಿಗೆ ಮಾಲು ತಂದವರು ಹೊಸ ಚಾರ್ಜರನ್ನು ನೋಡಬಯಸಿದರೆ ಗೋದಾಮಿನ ಗುಮಾಸ್ತರನ್ನು ಕೇಳಿರಿ. ಹಳೆಯ 30ರದ್ದೂ ಅಲ್ಲೇ ಮೂಲೆಯಲ್ಲಿದೆ.