ಕೋಟೆಗೋಡೆಯ ಹಸಿರು ಪಾಚಿಯಲ್ಲ, ಹಾವಸೆ

ರಾಯಚೂರು: ಬಿಸಿಲಿಗೆ ಹೆಸರಾದ ಈ ನಗರದಲ್ಲಿ ನಾಲ್ಕು ಮಳೆ ಬಿದ್ದರೆ ಸಾಕು, ಕೋಟೆಯ ಕಲ್ಲುಸಂದಿಗಳಲ್ಲಿ, ಬಾವಿಯ ಮೆಟ್ಟಿಲುಗಳಲ್ಲಿ, ಹಳೆಯ ಮಾಳಿಗೆಗಳ ಅಂಚಿನಲ್ಲಿ ಹಸಿರು ಮೂಡುತ್ತದೆ. ಜನ ಅದನ್ನು ಪಾಚಿ ಎಂದು ಉಜ್ಜಿ ತೆಗೆಯುತ್ತಾರೆ. ಅದರಲ್ಲಿ ಒಂದಿಷ್ಟು ನಿಜಕ್ಕೂ ಪಾಚಿಯೇ. ಆದರೆ ಮಖಮಲ್ಲಿನಂತೆ ಮೆತ್ತಗೆ ಹರಡಿರುವುದು ಎಲೆಗಳುಳ್ಳ ಪುಟ್ಟ ಗಿಡ. ಪಠ್ಯಪುಸ್ತಕಗಳು ಹಾವಸೆ ಸಸ್ಯವೆಂದು ಕರೆಯುವ ಗುಂಪಿಗೆ ಅದು ಸೇರಿದ್ದು.

ಮಾಸ್, ಲಿವರ್‌ವರ್ಟ್ ಮತ್ತು ಹಾರ್ನ್‌ವರ್ಟ್ ಈ ಗುಂಪಿನ ಮೂರು ಕವಲುಗಳು. ಇವುಗಳ ಅಧ್ಯಯನವೇ ಬ್ರಯಾಲಜಿ. ಭಾರತದಲ್ಲಿ ಈ ಶಾಸ್ತ್ರಕ್ಕೆ ಬುನಾದಿ ಹಾಕಿದವರು ಲಾಹೋರಿನಲ್ಲಿ ಅಧ್ಯಾಪಕರಾಗಿದ್ದ ಶಿವರಾಮ ಕಶ್ಯಪ (1882-1934). ಪಶ್ಚಿಮ ಹಿಮಾಲಯ ಹಾಗೂ ಪಂಜಾಬ್ ಬಯಲಿನ ಲಿವರ್‌ವರ್ಟ್‌ಗಳನ್ನು ಕುರಿತ ಅವರ ಗ್ರಂಥ 1929 ಮತ್ತು 1932ರಲ್ಲಿ ಎರಡು ಭಾಗಗಳಾಗಿ ಪ್ರಕಟವಾಯಿತು. ಅನಂತರದ ಸಂಶೋಧಕರ ಗಮನವೂ ಬಹುಪಾಲು ಹಿಮಾಲಯ ಮತ್ತು ಪಶ್ಚಿಮ ಘಟ್ಟಗಳ ಕಡೆಗೇ ಹರಿಯಿತು. ತೇವವಿದ್ದಲ್ಲಿ ಹಾವಸೆ ಹೆಚ್ಚೆಂಬುದು ನಿಜವಾದರೂ ಒಣನೆಲದ ಹಾವಸೆ ಕಲಿಸುವ ಪಾಠವೇ ಬೇರೆ.

ಇವಕ್ಕೆ ನಿಜವಾದ ಬೇರಿಲ್ಲ, ನೀರು ಸಾಗಿಸುವ ನಾಳಗಳೂ ಇಲ್ಲ. ಮೈಯೆಲ್ಲ ಬಾಯಾಗಿ ಮಳೆಯನ್ನೂ ಇಬ್ಬನಿಯನ್ನೂ ಹೀರುತ್ತವೆ. ಗೋಡೆಗಳ ಮೇಲೆ ಸಾಮಾನ್ಯವಾಗಿ ಬೆಳೆಯುವ ಹಯೋಫಿಲಾ ಎಂಬ ಮಾಸ್ ಒಣಗಿದಾಗ ಎಲೆಗಳನ್ನು ಒಳಕ್ಕೆ ಸುರುಳಿ ಸುತ್ತಿ ಸತ್ತಂತೆ ಬಿದ್ದಿರುತ್ತದೆ. ನೀರು ತಗುಲಿದೊಡನೆ ಬಿಚ್ಚಿಕೊಳ್ಳುತ್ತದೆ. ತುಂಗಭದ್ರಾ ಎಡದಂಡೆ ಕಾಲುವೆಯ ನೀರುಣ್ಣುವ ಮಾನ್ವಿಯ ಭತ್ತದ ಗದ್ದೆಗಳು, ನಾರಾಯಣಪುರ ಬಲದಂಡೆ ಕಾಲುವೆ ತಲುಪುವ ದೇವದುರ್ಗದ ಹೊಲಗಳು ರಿಕ್ಸಿಯಾ ಎಂಬ ಲಿವರ್‌ವರ್ಟ್‌ಗೆ ಒಪ್ಪುವಂಥ ನೆಲ. ತೇವದ ಮಣ್ಣಿಗೆ ಅಂಟಿ ಕವಲೊಡೆದು ಹರಡುವ ಈ ಸಸ್ಯ ತನ್ನ ಬೀಜಕಣಗಳನ್ನು ಒಡಲೊಳಗೇ ಇಟ್ಟುಕೊಳ್ಳುತ್ತದೆ. ಒಡಲು ಕೊಳೆತ ಮೇಲೆ ಕಣಗಳು ಮಣ್ಣು ಸೇರಿ ಬೇಸಿಗೆಯನ್ನು ಕಳೆಯುತ್ತವೆ.

ಮೈಯಿಂದಲೇ ಹೀರುವ ಈ ಗುಣದಿಂದ ಗಾಳಿಯಲ್ಲಿರುವ ಸೀಸ, ಕ್ಯಾಡ್ಮಿಯಂನಂಥ ಲೋಹಗಳೂ ಮಾಸ್‌ನೊಳಗೆ ಸಂಗ್ರಹವಾಗುತ್ತವೆ. ಸ್ವೀಡನ್ನಿನ ರೂಲಿಂಗ್ ಮತ್ತು ಟೈಲರ್ 1960ರ ದಶಕದ ಕೊನೆಯಲ್ಲಿ ಇದನ್ನೇ ಮಾಲಿನ್ಯದ ಅಳತೆಗೋಲಾಗಿಸಿದರು. ಅಮೆರಿಕದ ಪೋರ್ಟ್‌ಲೆಂಡ್ ನಗರದಲ್ಲಿ 2013ರಲ್ಲಿ ಮರಗಳಿಂದ ಸಂಗ್ರಹಿಸಿದ 346 ಮಾದರಿಗಳು ಕ್ಯಾಡ್ಮಿಯಂ ಎಲ್ಲಿ ಹೆಚ್ಚೆಂದು ತೋರಿಸಿದವು. ಜಾಡು ಹಿಡಿದಾಗ ಸಿಕ್ಕಿದ್ದು ಬಣ್ಣದ ಗಾಜು ತಯಾರಿಸುವ ಘಟಕಗಳು.

ರಾಯಚೂರಿಗೆ ಇದು ದೂರದ ಸುದ್ದಿಯಲ್ಲ. 1985ರಿಂದ ಕಲ್ಲಿದ್ದಲು ಸುಟ್ಟು ವಿದ್ಯುತ್ ಉತ್ಪಾದಿಸುತ್ತಿರುವ ಶಕ್ತಿನಗರದ ಸ್ಥಾವರ, ಅನಂತರ ಬಂದ ಯರಮರಸ್ ಸ್ಥಾವರ ಎರಡೂ ನಗರಕ್ಕೆ ಸಮೀಪವೇ ಇವೆ. ಕಲ್ಲಿದ್ದಲ ಬೂದಿಯಲ್ಲಿ ಲೋಹಾಂಶ ಇದ್ದೇ ಇರುತ್ತದೆ. ಎಲ್ಲೆಡೆ ಯಂತ್ರವಿಟ್ಟು ಗಾಳಿಯನ್ನು ಅಳೆಯುವುದು ದುಬಾರಿ. ಸ್ಥಳೀಯ ಮಾಸ್ ವಿರಳವಾದ ಊರುಗಳಿಗೆಂದೇ 1970ರ ದಶಕದಿಂದ ಬಳಕೆಯಲ್ಲಿರುವ ಉಪಾಯವೊಂದಿದೆ: ಶುದ್ಧ ಪ್ರದೇಶದಿಂದ ತಂದ ಮಾಸ್ ಅನ್ನು ಬಲೆಚೀಲದಲ್ಲಿ ತುಂಬಿ ಹಲವು ಕಡೆ ತೂಗುಹಾಕಿ, ಕೆಲವು ವಾರಗಳ ಬಳಿಕ ಪ್ರಯೋಗಾಲಯದಲ್ಲಿ ಪರೀಕ್ಷಿಸುವುದು. ಒಣಗಿದ ಮಾಸ್ ಲೋಹವನ್ನು ಕಡಿಮೆ ಹಿಡಿಯುವುದರಿಂದ, ಇಲ್ಲಿನ ಏಪ್ರಿಲ್ ತಿಂಗಳ ಅಂಕಿಯನ್ನು ಮಳೆಗಾಲದ ಅಂಕಿಯೊಂದಿಗೆ ನೇರವಾಗಿ ಹೋಲಿಸುವಂತಿಲ್ಲ.